ಕೊಳವೆಯನ್ನು ತಲೆಕೆಳಗು ಮಾಡಿದ ಮಧ್ಯಾಹ್ನ

ಎಂಎಸ್ಸಿ ಪ್ರಾಜೆಕ್ಟಿನ ದಿನಗಳಲ್ಲಿ ನಾನು ಗಂಟೆಗಟ್ಟಲೆ ನೋಡುತ್ತ ಕೂತಿದ್ದು ಒಂದು ನೀಲಿ ಗೆರೆಯನ್ನು. ಅಯೋಡೇಟ್ ಮತ್ತು ಆರ್ಸೆನಸ್ ಆಮ್ಲದ ದ್ರಾವಣಕ್ಕೆ ಪಿಷ್ಟ ಬೆರೆಸಿ, ಒಂದು ಗುಳ್ಳೆಯೂ ಉಳಿಯದ ಹಾಗೆ ಗಾಜಿನ ಕೊಳವೆಗೆ ತುಂಬಿ, ಆಗಲೇ ಕ್ರಿಯೆ ಮುಗಿದ ದ್ರಾವಣದ ಹನಿಯೊಂದನ್ನು ಮೇಲ್ತುದಿಗೆ ಬಿಡಬೇಕು. ಹನಿಯಲ್ಲಿರುವ ಅಯೋಡೈಡ್ ಕ್ರಿಯೆಯನ್ನು ಶುರು ಮಾಡುತ್ತದೆ, ಕ್ರಿಯೆ ಇನ್ನಷ್ಟು ಅಯೋಡೈಡ್ ಹುಟ್ಟಿಸುತ್ತದೆ, ಅದು ಕೆಳಗಿನ ಪದರಕ್ಕೆ ಹರಡುತ್ತದೆ. ಪಿಷ್ಟವನ್ನು ನೀಲಿ ಮಾಡುವ ಅಯೋಡಿನ್ ಕ್ರಿಯೆಯ ನಡುವೆ ಹುಟ್ಟುತ್ತದೆ, ಆದರೆ ಆರ್ಸೆನಸ್ ಆಮ್ಲ ಹೆಚ್ಚಿಗೆ ಇದ್ದರೆ ಅದು ಉಳಿಯುವುದಿಲ್ಲ. ಹಾಗಾಗಿ ಹಿಂದೆ ಮುಂದೆ ತಿಳಿ ದ್ರಾವಣ, ಕ್ರಿಯೆ ನಡೆಯುವಲ್ಲಿ ಮಾತ್ರ ತೆಳು ನೀಲಿ ಪಟ್ಟಿ.

ಅಂದು ಗೆರೆ ನಿಮಿಷಕ್ಕೆ ಒಂದೆರಡು ಮಿಲಿಮೀಟರಿನಂತೆ ಇಳಿಯುತ್ತಿತ್ತು, ಸ್ಕೇಲಿಟ್ಟು ಎಳೆದಷ್ಟು ನೇರ. ಮೇಡಂ ಬಗ್ಗಿ ನೋಡಿದರು. “ಬಿರಡೆ ಬಿಗಿ ಮಾಡಿ ಕೊಳವೆ ತಿರುಗಿಸಮ್ಮ” ಎಂದರು.

ತಿರುಗಿಸಿದೆ. ಮೊದಲು ಗೆರೆ ನಡುಗಿದಂತಾಯಿತು. ಆಮೇಲೆ ಒಂದು ಬದಿ ಉಬ್ಬಿ ಗಾಜಿನ ಗೋಡೆಗುಂಟ ಮೇಲಕ್ಕೆ ಓಡಿತು, ಇನ್ನೊಂದು ಬದಿ ಜೋತುಬಿದ್ದು ಹಿಂದೆ ಉಳಿಯಿತು. ವೇಗವೂ ಏರಿತು. ರಾಸಾಯನಿಕಗಳು ಅವೇ, ಬೆರೆಸಿದ ಪ್ರಮಾಣ ಅದೇ. ಬದಲಾಗಿದ್ದು ದಿಕ್ಕು ಮಾತ್ರ.

ಈ ಕ್ರಿಯೆ ಶಾಖ ಬಿಡುತ್ತದೆ. ನಾವು ಬಳಸುತ್ತಿದ್ದ ತೆಳು ದ್ರಾವಣದಲ್ಲಿ ಅದು ಒಂದು ಡಿಗ್ರಿಯಷ್ಟೂ ಇಲ್ಲ. ಅಷ್ಟು ಸಣ್ಣ ಬಿಸಿಗೇ ದ್ರಾವಣ ಹಗುರಾಗುತ್ತದೆ. ಜೊತೆಗೆ ಉತ್ಪನ್ನವೂ, ತಣಿದ ಮೇಲೆ ಕೂಡ, ಮೂಲ ದ್ರಾವಣಕ್ಕಿಂತ ಚೂರು ಹಗುರ. ಗೆರೆ ಇಳಿಯುವಾಗ ಹಗುರಾದದ್ದು ಮೇಲಿದೆ, ತಂಟೆಯಿಲ್ಲ. ಏರುವಾಗ ಭಾರದ್ದು ಹಗುರಾದದ್ದರ ತಲೆಯ ಮೇಲೆ ಕೂತಿರುತ್ತದೆ. ಅದು ಕೆಳಗೆ ನುಗ್ಗುತ್ತದೆ, ಬಿಸಿ ದ್ರಾವಣ ಮೇಲೇಳುತ್ತದೆ, ಸಂವಹನ, ಅಂದರೆ ದ್ರಾವಣದ ಸುತ್ತುಹರಿವು, ಶುರುವಾಗುತ್ತದೆ. ಹರಿವು ಅಯೋಡೈಡನ್ನು ಹೊತ್ತೊಯ್ಯುವುದರಿಂದ ಬರೀ ವಿಸರಣೆಯಿಂದ (ತಾನಾಗಿ ಹರಡುವುದರಿಂದ) ಸಾಗುವುದಕ್ಕಿಂತ ಗೆರೆ ಬೇಗ ಸಾಗುತ್ತದೆ.

ಕೂದಲೆಳೆಯ ರಂಧ್ರದ ಕೊಳವೆಯಲ್ಲಿ ಮಾಡಿದರೆ ಏರುವ ಗೆರೆಯೂ ನೇರವಾಗಿಯೇ ಉಳಿಯಿತು, ಏಕೆಂದರೆ ಗೋಡೆಗಳ ನಡುವೆ ಸ್ನಿಗ್ಧತೆ, ಅಂದರೆ ದ್ರವದ ಅಂಟುತನ, ಹರಿವನ್ನು ಏಳಗೊಡುವುದಿಲ್ಲ. ಕೊಳವೆಯ ಅಗಲ, ದಿಕ್ಕು ಹೇಳದೆ ಬರೀ ವೇಗ ಬರೆದಿಟ್ಟ ಕೋಷ್ಟಕ ಅರ್ಧ ಮಾಹಿತಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. (ಆರ್ಸೆನಿಕ್ ಇರುವ ದ್ರಾವಣ ಸಿಂಕಿಗೆ ಸುರಿಯುವಂತಿಲ್ಲ. ಬೇರೆ ಬಾಟಲಿಗೇ ಹೋಗಬೇಕು.)

ಸಂಜೆ ಮೇಡಂ ಕೊಟ್ಟ ಪ್ರಬಂಧದಲ್ಲಿ ಇನ್ನೂ ವಿಚಿತ್ರವಾದದ್ದು ಸಿಕ್ಕಿತು. ದ್ರಾವಣದಲ್ಲಿ ಕರಗಿದ ಕಬ್ಬಿಣ(II) ಅಯಾನು ಮತ್ತು ನೈಟ್ರಿಕ್ ಆಮ್ಲದ ಕ್ರಿಯೆಯಲ್ಲಿ ಇಳಿಯುವ ಗೆರೆಯೇ ವೇಗವಾಗಿ ಓಡುವುದನ್ನು ಬಾಝಾ ಮತ್ತು ಎಪ್‌ಸ್ಟೈನ್ 1985ರಲ್ಲಿ ವರದಿ ಮಾಡಿದ್ದರು. ಅಲ್ಲಿಯೂ ಬಿಸಿಯು ದ್ರಾವಣವನ್ನು ಹಗುರ ಮಾಡುತ್ತದೆ, ಆದರೆ ಉತ್ಪನ್ನ ಭಾರ. ಶಾಖ ಬೇಗ ಸುತ್ತ ಹರಡಿಹೋಗುತ್ತದೆ, ಭಾರ ಅಲ್ಲೇ ಉಳಿಯುತ್ತದೆ. ಆ ಭಾರದ ದ್ರಾವಣ ಬೆರಳುಬೆರಳಾಗಿ ಕೆಳಗಿಳಿಯುತ್ತದೆ.