ಧೂಪದಾಳಕ್ಕೆ ಅಪ್ಪ ಬರೆದ ನಕಾಶೆ

ಜನವರಿಯ ಮೊದಲ ಭಾನುವಾರ, ಊಟದ ತಾಟು ಎತ್ತುವ ಮೊದಲೇ ಅಪ್ಪ ಕೇಳಿದ, "ಧೂಪದಾಳಕ್ಕ ಯಾವಾಗ ಕರಕೊಂಡ ಹೋಗ್ತಿ?"

ಡಿಸೆಂಬರಿನಲ್ಲಿ ಅವನ ಬಲಗಣ್ಣಿನ ಪೊರೆ ತೆಗೆಸಿದ್ದೆವು. ಪಟ್ಟಿ ಬಿಚ್ಚಿದ ದಿನ ಮೊಮ್ಮಕ್ಕಳ ಮುಖ ನೋಡಿ "ಚೊಲೋ ಕಾಣಾಕತ್ತಾವ" ಅಂದ. ಆಮೇಲಿಂದ ಧೂಪದಾಳ ಒಂದೇ ಮಾತು. ಮೂವತ್ತೊಂದು ವರ್ಷ ಅಲ್ಲಿ ಘಟಪ್ರಭಾ ಹೊಳೆಯ ಎಡದಂಡೆ ಕಾಲುವೆಯ ಗೇಟು ಏರಿಸಿ ಇಳಿಸಿದ ಮನುಷ್ಯ ಅವನು. ನಿವೃತ್ತಿಯಾಗಿ ನಮ್ಮ ಜೊತೆ ಬೆಳಗಾವಿಗೆ ಬಂದ ಮೇಲೆ ಒಮ್ಮೆಯೂ ಆ ನೀರಿನ ಹತ್ತಿರ ಹೋಗಿಲ್ಲ.

ನಾನು ಹೋಗಿದ್ದೆ. 2018ರ ದಸರಾ ರಜೆಯಲ್ಲಿ, ಮಕ್ಕಳನ್ನು ಕರೆದುಕೊಂಡು. ಪಕ್ಷಿಧಾಮ ಅಂದರೆ ಒಂದು ಕಮಾನು, ಟಿಕೆಟ್ ಖಿಡಕಿ, ಎತ್ತರದ ಒಂದು ಅಟ್ಟಣಿಗೆ ಇರುತ್ತದೆ, ಹತ್ತಿ ನಿಂತರೆ ಹಕ್ಕಿ ಕಾಣುತ್ತವೆ ಅಂದುಕೊಂಡಿದ್ದೆ. ಘಟಪ್ರಭಾ ಪಕ್ಷಿಧಾಮ ಹಾಗಿಲ್ಲ. 1974ರಲ್ಲಿ ಘೋಷಣೆಯಾದ ಈ 29.78 ಚದರ ಕಿಲೋಮೀಟರ್ ಅಂದರೆ ಹೊಳೆಗೆ ಅಡ್ಡ ಕಟ್ಟಿದ ಧೂಪದಾಳ ಬಾಂದಾರದ ಹಿಂದೆ ನಿಂತ ನೀರು, ಆ ನೀರಿನ ನಡುವಿನ ಗಡ್ಡೆಗಳು, ದಂಡೆಗುಂಟ ಹಬ್ಬಿದ ಜಾಲಿ ಗಿಡಗಳು. ಅಕ್ಟೋಬರಿನಲ್ಲಿ ನೀರು ದಂಡೆಗೆ ದಂಡೆ ತುಂಬಿತ್ತು. ಜಾಲಿಯ ಮೇಲೆ ನಾಲ್ಕು ಬೆಳ್ಳಕ್ಕಿ, ತಂತಿಯ ಮೇಲೆ ಒಂದು ಮಿಂಚುಳ್ಳಿ. ಮಗ "ಇಲ್ಲೇನೂ ಇಲ್ಲ" ಅಂದ. ಅಲ್ಲಿಂದ ಗೋಕಾಕ ಫಾಲ್ಸಿಗೆ ಹೋಗಿ, 52 ಮೀಟರ್ ಮೇಲಿಂದ ಬೀಳುವ ನೀರು ನೋಡಿ, ಕರದಂಟು ಕಟ್ಟಿಸಿಕೊಂಡು ಮನೆಗೆ ಬಂದೆವು. ಆ ಸಲ ಅಪ್ಪ ಮೊಣಕಾಲು ನೋವಿನಿಂದ ಬಂದಿರಲಿಲ್ಲ. ಹೋಗುವ ಮುಂಚೆ ಅವನನ್ನು ಒಂದು ಮಾತು ಕೇಳಿರಲೂ ಇಲ್ಲ. ಮೂವತ್ತೊಂದು ವರ್ಷ ಆ ನೀರನ್ನು ಕಾದವನು ಮನೆಯಲ್ಲೇ ಕೂತಿದ್ದ. ಇದು ನನ್ನನ್ನು ಈಗಲೂ ಕಾಡುತ್ತದೆ.

ಹಾಗಾಗಿ ಈ ಸಲ ಪೆನ್ನು ಹಿಡಿದು ಅಪ್ಪನ ಎದುರೇ ಕೂತೆ.

"ಸಂಕ್ರಾಂತಿ ದಿನ ಹೋಗೂಣೇನು? ಎಲ್ಲಾರಿಗೂ ಸೂಟಿ ಐತಿ."

"ಬ್ಯಾಡ. ಅವತ್ತ ಹೊಳಿ ದಂಡಿ ತುಂಬ ಮಂದಿ. ಜಳಕಾ ಮಾಡವರು, ಬುತ್ತಿ ಬಿಚ್ಚವರು. ಹಕ್ಕಿ ಎಲ್ಲಿ ಕುಂದ್ರಬೇಕು?"

ಸರಿ, ಜನವರಿ ಕೊನೆ? ಅದಕ್ಕೂ ತಲೆ ಅಲ್ಲಾಡಿಸಿದ. ಕಣ್ಣಿಗೆ ಹನಿ ಹಾಕುವುದು ಮುಗಿಯುವ ತನಕ ಧೂಳಿನಲ್ಲಿ ತಿರುಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಭಾರತ ಹುಣ್ಣಿಮೆಯ ಹೊತ್ತಿಗೆ ಹೋಗಬೇಕೆಂದರೆ ಸವದತ್ತಿ ಎಲ್ಲಮ್ಮನ ಜಾತ್ರೆ. ಮೀರಜ್, ಕೊಲ್ಹಾಪುರದ ಕಡೆಯ ಭಕ್ತರಿಂದ ರೈಲು, ಬಸ್ಸು ಎಲ್ಲ ಕಿಕ್ಕಿರಿದಿರುತ್ತವೆ. ಮಾರ್ಚ್ ಬಂತೆಂದರೆ ವಲಸೆ ಹಕ್ಕಿಗಳು ಹೊರಟು ನಿಲ್ಲುತ್ತವೆ. ಕ್ಯಾಲೆಂಡರಿನಲ್ಲಿ ಒಂದೊಂದೇ ಚೌಕ ಹೊಡೆದು ಹಾಕುತ್ತ ಹೋದಂತೆ ಉಳಿದದ್ದು ಜಾತ್ರೆಗೆ ಮುಂಚಿನ ಒಂದೇ ವಾರ. ಅದರಲ್ಲೂ ಅಪ್ಪ ಮಂಗಳವಾರ ಅಂದ. ನಾನು ಶಾಲೆಗೆ ರಜೆ ಹಾಕಬೇಕು. ಹಾಕುತ್ತೇನೆ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಆದರೆ ಅಪ್ಪನ ಪ್ರಕಾರ ನಾನಿನ್ನೂ ಮುಖ್ಯದ್ದನ್ನು ಕೇಳಿಯೇ ಇಲ್ಲ.

"ನೀರ ಎಷ್ಟ ಐತಿ ಅಂತ ಗೊತ್ತ ಮಾಡಕೊಂಡಿಯೇನು?"

ಧೂಪದಾಳದಲ್ಲಿ ನಿಲ್ಲುವ ನೀರು ಬರೀ ಧೂಪದಾಳದ್ದಲ್ಲ. 1897ರ ಈ ಬಾಂದಾರ ನೀರನ್ನು ಎಡದಂಡೆ ಕಾಲುವೆಗೆ ತಿರುಗಿಸುವುದಕ್ಕೆ ಇದೆ. ಹಿಡಿದಿಟ್ಟುಕೊಳ್ಳುವ ದೊಡ್ಡ ಹೊಟ್ಟೆ ಹೊಳೆಯ ಮೇಲ್ಭಾಗದ ಹಿಡಕಲ್ ಡ್ಯಾಮಿನದು, 51 ಟಿಎಂಸಿ. ಹಿಂಗಾರಿ ಬೆಳೆಗೆಂದು ಹಿಡಕಲ್ಲಿನಿಂದ ನೀರು ಬಿಟ್ಟ ದಿನಗಳಲ್ಲಿ ಧೂಪದಾಳದ ಹಿನ್ನೀರು ಏರಿ ಕೆಸರಿನ ದಂಡೆ ಮುಚ್ಚುತ್ತದೆ. ಉದ್ದ ಕಾಲಿನ ಹಕ್ಕಿಗೂ ಕಾಲೂರಲು ಅಂಗುಲಗಳ ಲೆಕ್ಕದ ನೀರು ಬೇಕು. ನೀರು ಇಳಿದಾಗ ಗಡ್ಡೆಗಳ ಅಂಚಿನಲ್ಲಿ ಮರಳು, ಕೆಸರು ಹೊರಗೆ ಬೀಳುತ್ತದೆ. ಕರಿ ಕೆಂಬರಲು, ಬಣ್ಣದ ಕೊಕ್ಕರೆ, ಚಕ್ರವಾಕ ಎಲ್ಲ ಬಂದು ಇಳಿಯುವುದು ಅಲ್ಲಿ. 2018ರಲ್ಲಿ ನಾವು ತುಂಬಿದ ನೀರನ್ನು ನೋಡಿ "ಆಹಾ" ಅಂದಿದ್ದೆವು. ಅದೇ ತುಂಬಿದ ನೀರು ಹಕ್ಕಿಗಳನ್ನು ನಮ್ಮಿಂದ ದೂರ ಇಟ್ಟಿತ್ತು.

ಅಪ್ಪನ ಹಳೆಯ ಸಹೋದ್ಯೋಗಿಯೊಬ್ಬರು ಧೂಪದಾಳದಲ್ಲೇ ಇದ್ದಾರೆ. ಫೋನು ಹಚ್ಚಿ ಕೊಟ್ಟೆ. ಮೊದಲು ಕಣ್ಣಿನ ಸಮಾಚಾರ, ಎಮ್ಮೆ ಈದದ್ದು, ಯಾರು ತೀರಿಕೊಂಡರು ಎಂಬ ಪಟ್ಟಿ. ಕೊನೆಗೆ ನೀರು. ಕಾಲುವೆಯ ಪಾಳಿ ಯಾವತ್ತು ಮುಗಿಯುತ್ತದೆ ಎಂಬುದನ್ನು ಅಪ್ಪ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮಂಗಳವಾರವೇ ಗಟ್ಟಿಯಾಯಿತು.

ಆಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಹಾಕಿ, ನನ್ನ ಕೈಯಿಂದ ಪೆನ್ನು ಕಸಿದುಕೊಂಡು ನಕಾಶೆ ಬರೆಯತೊಡಗಿದ. ಹೊಳೆ ಒಂದು ದಪ್ಪ ಗೆರೆ. ಬಾಂದಾರ ಒಂದು ಅಡ್ಡ ಗೆರೆ. ಅಲ್ಲಿಂದ ಹೊರಟ ಕಾಲುವೆ ಹಾವಿನಂತೆ ಡೊಂಕು ಡೊಂಕು. ಕಾಲುವೆಗೆ ಇಷ್ಟು ಡೊಂಕು ಯಾಕೆ ಎಂದು ಕೇಳಿದೆ. ನೀರು ತನ್ನಿಂದ ತಾನೇ ಹರಿಯಬೇಕಾದರೆ ಇಳಿಜಾರು ಬಹಳ ಮೆಲ್ಲಗೆ ಇರಬೇಕು, ಅದಕ್ಕೆ ಕಾಲುವೆ ಗುಡ್ಡದ ಮಗ್ಗುಲು ಹಿಡಿದು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸುತ್ತಿ ಸುತ್ತಿ ಹೋಗುತ್ತದೆ ಅಂದ. ಗೆರೆಯ ಕೆಳಗೆ ನೀರು ಹತ್ತುತ್ತದೆ, ಮೇಲೆ ಹತ್ತುವುದಿಲ್ಲ. ಕೆಳಗೆ "ಕಬ್ಬ" ಅಂತ ಬರೆದ. ಮೇಲೆ "ಮಡ್ಡಿ: ಜ್ವಾಳ, ಕಡ್ಲಿ".

"ಮುಂಜಾನೆ ಹಕ್ಕಿ ನೀರಿನ್ಯಾಗ ಇರೂದಿಲ್ಲ. ಇಲ್ಲಿ ಇರ್ತಾವ," ಅಂತ ಮಡ್ಡಿಯ ಮೇಲೆ ಬೆರಳಿಟ್ಟ.

ಅವನು ಹೇಳುತ್ತಿದ್ದದ್ದು ಕ್ರೌಂಚದ ಮಾತು, ಡೆಮೊಯ್ಸೆಲ್ ಕ್ರೇನ್. ಕ್ರೌಂಚಗಳಲ್ಲೇ ಎಲ್ಲಕ್ಕಿಂತ ಚಿಕ್ಕದು, ಬೂದು ಮೈ, ಕರಿ ಕೊರಳು, ಕಣ್ಣಿನ ಹಿಂದೆ ಬಿಳಿ ಗರಿಯ ಎಳೆ. ಮಂಗೋಲಿಯಾ, ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಭಾರತಕ್ಕೆ ಬರುತ್ತವೆ. ಬರುವವುಗಳಲ್ಲಿ ಕೆಲವು ಹಿಮಾಲಯವನ್ನೇ ದಾಟಿ ಬರುತ್ತವೆ. ಘಟಪ್ರಭಾ ಪಕ್ಷಿಧಾಮಕ್ಕೆ ಹೆಸರು ಬಂದದ್ದೇ ಈ ಕ್ರೌಂಚದಿಂದ ಮತ್ತು ಯುರೋಪಿನ ಬಿಳಿ ಕೊಕ್ಕರೆಯಿಂದ. ರಾತ್ರಿ ತೆಳು ನೀರಿನಲ್ಲಿ, ಮರಳಿನಲ್ಲಿ ನಿಂತು ಕಳೆಯುತ್ತವೆ. ಹೊತ್ತು ಹುಟ್ಟುತ್ತಲೇ ಎದ್ದು ಕಾಳು ಹೆಕ್ಕಲು ಹೊಲಕ್ಕೆ ಹಾರುತ್ತವೆ. ಬಿಸಿಲೇರಿದ ಮೇಲೆ ನೀರು ಕುಡಿಯಲು, ಮೈ ಆರಿಸಿಕೊಳ್ಳಲು ಮರಳಿ ಹಿನ್ನೀರಿಗೆ. ಅಂದರೆ ನಸುಕಿನಲ್ಲೇ ದಂಡೆಯಲ್ಲಿರಬೇಕು, ಇಲ್ಲವೇ ಹತ್ತು ಗಂಟೆಯ ಮೇಲೆ ಬರಬೇಕು. ನಡುವಿನ ಹೊತ್ತಿನಲ್ಲಿ ಬಂದವರಿಗೆ ಖಾಲಿ ನೀರು. ನಾವು 2018ರಲ್ಲಿ ತಲುಪಿದ್ದು ಎಂಟೂವರೆಗೆ.

ನಕಾಶೆ ಅಲ್ಲಿಗೆ ನಿಂತಿತು. ಅಪ್ಪ ಬಹಳ ಹೊತ್ತು "ಕಬ್ಬ" ಅನ್ನುವ ಅಕ್ಷರವನ್ನೇ ನೋಡುತ್ತಿದ್ದ.

"ನಾ ನೌಕರಿಗೆ ಸೇರಿದಾಗ ಕಾಲಿವಿ ಕೆಳಗೂ ಜ್ವಾಳ, ಶೇಂಗಾನ ಜಾಸ್ತಿ ಇತ್ತು. ಹಕ್ಕಿ ಹೊಲದಾಗ ಇಳದರ ನೆಲ ಬೂದಿ ಬಣ್ಣ ಆಗತಿತ್ತು. ಕಬ್ಬಿನ್ಯಾಗ ಅವು ಹೆಂಗ ಇಳಿತಾವ? ರೆಕ್ಕಿ ಬಿಚ್ಚಾಕ ಜಾಗಾ ಇಲ್ಲ, ದೂರದಿಂದ ನರಿ ಬಂದರ ಕಾಣೂದಿಲ್ಲ."

ನಾನು ಮಾತಾಡಲಿಲ್ಲ. ಆ ಕಾಲುವೆಯ ನೀರಿನಿಂದಲೇ ನಮ್ಮ ಮನೆ ನಡೆದದ್ದು. ನೀರು ಬಂದದ್ದಕ್ಕೇ ಸಾವಿರಾರು ಒಕ್ಕಲು ಮಕ್ಕಳು ಸಾಲಿ ಕಲಿತರು, ಮನೆ ಕಟ್ಟಿದರು. ಅಪ್ಪನಿಗೆ ಆ ಬಗ್ಗೆ ಇರುವ ಹೆಮ್ಮೆ ನನಗೂ ಇದೆ, ಅದನ್ನು ಯಾರೂ ಕಡಿಮೆ ಮಾಡಲಾರರು. ಆದರೆ ಗೇಟಿನ ಒಂದು ಬದಿಯಲ್ಲಿ ಹಕ್ಕಿಗೆ ನೀರು ನಿಲ್ಲಿಸಿದ ಅದೇ ಕೈ ಇನ್ನೊಂದು ಬದಿಯಲ್ಲಿ ಅವುಗಳ ಊಟದ ಹೊಲಕ್ಕೆ ಕಬ್ಬು ತಂದಿತು ಅನ್ನುವುದನ್ನು ಅವನು ಆ ಹಾಳೆಯ ಮೇಲೆ ಆವತ್ತೇ ಕಂಡನೋ, ಬಹಳ ಹಿಂದೆಯೇ ಕಂಡಿದ್ದನೋ, ಕೇಳುವ ಧೈರ್ಯ ನನಗಾಗಲಿಲ್ಲ. ಪೆನ್ನು ಕೆಳಗಿಟ್ಟು, "ಮಡ್ಡಿ ಕಡೆ ಇನ್ನೂ ಕಡ್ಲಿ ಇರ್ತೈತಿ. ಅಲ್ಲೂ ಹೋಗಿ ನೋಡಬೇಕು," ಅಂದ. ನಕಾಶೆಯಲ್ಲಿ ಎರಡನೇ ಗುರುತು ಬಿತ್ತು.

ಕಬ್ಬು ನಮ್ಮ ಪ್ರಯಾಣವನ್ನೂ ತೀರ್ಮಾನಿಸಿತು. ನಸುಕಿಗೆ ದಂಡೆ ಮುಟ್ಟಬೇಕೆಂದರೆ ಬೆಳಗಾವಿಯಿಂದ ಮೂರೂವರೆಗೇ ಕಾರು ಬಿಡಬೇಕು. ಅದು ಕಬ್ಬು ನುರಿಸುವ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಹಿಂದೆ ದೀಪ ಇಲ್ಲ, ರಸ್ತೆಯ ಮೇಲೆ ಮಂಜು. ಅಪ್ಪನನ್ನು ಕೂರಿಸಿಕೊಂಡು ಕತ್ತಲಲ್ಲಿ ಆ ದಾರಿ ನಾನು ಹಿಡಿಯುವುದಿಲ್ಲ. ಹಾಗಾಗಿ ಸೋಮವಾರ ಮಧ್ಯಾಹ್ನವೇ ರೈಲು. ಸುಳೇಭಾವಿ, ಸುಳಧಾಳ, ಪಾಶ್ಚಾಪುರ, ಗೋಕಾಕ ರೋಡ್, ಆಮೇಲೆ ಘಟಪ್ರಭಾ. ಕಿಟಕಿ ಪಕ್ಕದ ಸೀಟು ಸಿಕ್ಕರೆ ಅವನಿಗೆ ಬೇರೇನೂ ಬೇಡ. ರಾತ್ರಿ ಸೋದರಮಾವನ ಮಗಳ ಮನೆಯಲ್ಲಿ ಮಲಗಿ, ಐದೂವರೆಗೆ ಆಟೋ.

ಅಣ್ಣನ ಮಗ ತಾನೂ ಬರುತ್ತೇನೆ, ಡ್ರೋನ್ ತರುತ್ತೇನೆ ಅಂದ. ಬರಲಿ, ಡ್ರೋನ್ ಬೇಡ. ಅಭಯಾರಣ್ಯದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ ಅನ್ನುವುದು ಒಂದು ಮಾತು. ಅದಕ್ಕಿಂತ ದೊಡ್ಡದು, ಆ ಸದ್ದಿಗೆ ಹಿಂಡು ಎದ್ದರೆ ಅಷ್ಟು ದೂರದಿಂದ ಬಂದ ಜೀವಗಳ ಮಧ್ಯಾಹ್ನದ ವಿಶ್ರಾಂತಿ ಹಾಳು. ಹರಿಗೋಲಿನಲ್ಲಿ ಗಡ್ಡೆಯ ಹತ್ತಿರ ಹೋಗುವುದೂ ಬೇಡ. ದಂಡೆಯಿಂದಲೇ ನೋಡುತ್ತೇವೆ. ಹುಡುಗ ಸ್ವಲ್ಪ ಮುನಿಸಿಕೊಂಡ; ದುರ್ಬೀನು ಹೊರುವ ಕೆಲಸ ಕೊಟ್ಟ ಮೇಲೆ ಸರಿಹೋದ.

ದುರ್ಬೀನನ್ನು ಶಾಲೆಯ ವಿಜ್ಞಾನದ ಮೇಷ್ಟ್ರು ಕೊಟ್ಟಿದ್ದಾರೆ. ಎರಡಿದ್ದವು. ಹತ್ತು ಪಟ್ಟಿನದು ಬಿಟ್ಟು ಎಂಟು ಪಟ್ಟು ಹಿಗ್ಗಿಸುವ 8×42 ತಂದೆ. ಹೆಚ್ಚು ಹಿಗ್ಗಿಸಿದಷ್ಟೂ ಕೈಯ ನಡುಕವೂ ಹಿಗ್ಗುತ್ತದೆ, ಎಪ್ಪತ್ತು ದಾಟಿದ ಕೈಗೆ ಎಂಟೇ ನಿಲ್ಲುತ್ತದೆ. ಬಾಲ್ಕನಿಯಲ್ಲಿ ನಿಂತು ಅಪ್ಪ ಎದುರು ಮನೆಯ ನೀರಿನ ಟಾಕಿಯ ಮೇಲಿನ ಪಾರಿವಾಳ ನೋಡಿದ. ಬಲಗಣ್ಣು, ಎಡಗಣ್ಣು ಬದಲಿಸಿ ಬದಲಿಸಿ ನೋಡಿದ. "ಗರಿ ಎಣಸಬಹುದು" ಅಂದ. ಮುಂಜಾನೆ ಬಾಂದಾರದ ಕಡೆ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ, ಬೆಳಕು ಹಕ್ಕಿಯ ಮೇಲೆ ಬೀಳುತ್ತದೆ, ಹೊಸ ಕಣ್ಣಿಗೆ ಚುಚ್ಚುವುದಿಲ್ಲ. ಅದನ್ನೂ ನಕಾಶೆಯಲ್ಲಿ ಬಾಣ ಹಾಕಿ ತೋರಿಸಿದ್ದಾನೆ. ಕೂರಲು ಮಡಚುವ ಕುರ್ಚಿ. ಬುತ್ತಿಗೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಪ್ಲಾಸ್ಟಿಕ್ ಚೀಲ ಒಂದೂ ಬೇಡ ಅಂತ ಅವ್ವ ಎಲ್ಲವನ್ನೂ ಅರಿವೆಯಲ್ಲಿ ಕಟ್ಟುತ್ತಾಳೆ.

ಕೊನೆಗೆ ಉಳಿದದ್ದು ಬಟ್ಟೆ. ಬಿಳಿಯದು, ಕೆಂಪಿನದು ದೂರದಿಂದಲೇ ಎದ್ದು ಕಾಣುತ್ತದೆ, ಮಣ್ಣಿನ ಬಣ್ಣದ್ದೇ ಹಾಕಬೇಕು. ಅಪ್ಪನ ಹತ್ತಿರ ಇರುವುದೆಲ್ಲ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿ. ನನ್ನ ಗಂಡನ ಕಂದು ಶರ್ಟು ಕೊಡುತ್ತೇನೆ ಅಂದೆ. ಬೇಡವೆಂದ. ಮಂಚದ ಕೆಳಗಿನ ಟ್ರಂಕು ಎಳೆಯಲು ಹೇಳಿದ. ತಳದಲ್ಲಿ, ಡಾಂಬರು ಗುಳಿಗೆಯ ವಾಸನೆಯ ನಡುವೆ, ಅವನ ನೌಕರಿಯ ಖಾಕಿ ಅಂಗಿ ಇತ್ತು. ಭುಜದ ಹತ್ತಿರ ಮಾಸಿದೆ, ಜೇಬಿನ ಅಂಚಿನಲ್ಲಿ ಗೇಟಿನ ಗ್ರೀಸಿನ ಕಲೆ ಇನ್ನೂ ಹೋಗಿಲ್ಲ.

ಹಾಕಿಕೊಂಡು ನೋಡಿದ. ಸ್ವಲ್ಪ ದೊಡ್ಡದಾಗಿದೆ. ಈಗ ಬಾಲ್ಕನಿಯ ತಂತಿಯ ಮೇಲೆ ಬಿಸಿಲಿಗೆ ಹಾಕಿದ್ದೇನೆ. ಎರಡನೇ ಗುಂಡಿ ಹೋಗಿದೆ, ಸಂಜೆಯೊಳಗೆ ಹಚ್ಚಬೇಕು.