ಮುಯ್ಯಿ ಪುಸ್ತಕದ ಲೆಕ್ಕ

ಮೂಡಿಗೆರೆಯಲ್ಲಿ ನಾನು ಔಷಧದ ಅಂಗಡಿ ಇಟ್ಟು ಇಪ್ಪತ್ತು ವರ್ಷ ತುಂಬುತ್ತ ಬಂದಿದೆ. ಯಾವ ಮನೆಯಲ್ಲಿ ಕೈ ಬಿಗಿಯಾಗಿದೆ ಎಂಬುದು ಊರಿನಲ್ಲಿ ಮೊದಲು ತಿಳಿಯುವುದು ಬಹುಶಃ ನಮ್ಮಂಥವರಿಗೆ. ರಕ್ತದೊತ್ತಡದ ಮಾತ್ರೆಯನ್ನು ತಿಂಗಳಿಗೆಂದು ಮೂರು ಸ್ಟ್ರಿಪ್ ಒಯ್ಯುತ್ತಿದ್ದವರು ಒಂದು ದಿನ ಒಂದೇ ಸಾಕು ಎನ್ನುತ್ತಾರೆ. ಮುಂದಿನ ಸಲ ಬಂದಾಗ "ಐದು ಮಾತ್ರೆ ಕತ್ತರಿಸಿ ಕೊಡಿ" ಎನ್ನುತ್ತಾರೆ. ಆಮೇಲೆ ಬರುವುದನ್ನೇ ನಿಲ್ಲಿಸುತ್ತಾರೆ. ನಾನು ಸ್ಟ್ರಿಪ್ಪಿಗೆ ಕತ್ತರಿ ಹಾಕಿ ಆ ಐದು ಮಾತ್ರೆಯ ತುಂಡನ್ನು ಸಣ್ಣ ಕಾಗದದ ಕವರಿಗೆ ಇಳಿಸುವಷ್ಟು ಹೊತ್ತೂ ಅವರು ರಸ್ತೆಯ ಕಡೆ ಮುಖ ಮಾಡಿ ಬಸ್ಸಿನ ಬೋರ್ಡು ಓದುತ್ತಿರುತ್ತಾರೆ. ಜನೌಷಧಿ ಕೇಂದ್ರದಲ್ಲಿ ಇದೇ ಮಾತ್ರೆ ಬಹಳ ಅಗ್ಗಕ್ಕೆ ಸಿಗುತ್ತದೆಂದು ನಾನು ಹೇಳುವುದುಂಟು. ವ್ಯಾಪಾರಿ ಆಡಬೇಕಾದ ಮಾತಲ್ಲ ಅದು ಎಂದು ನನ್ನ ತಮ್ಮ ಗೊಣಗುವುದೂ ಉಂಟು.

ಕಷ್ಟದಲ್ಲಿರುವವರಿಗೆ ಕೊಡುವುದು ಎಂದರೆ ಏನೆಂಬುದನ್ನು ನಾನು ಎರಡು ಸಲ ತಪ್ಪಾಗಿ ನೋಡಿ, ಮೂರನೆಯ ಸಲ ಸ್ವಲ್ಪ ಕಲಿತೆ. ಆ ಕಲಿಕೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

2019ರ ಆಗಸ್ಟ್‌ನಲ್ಲಿ ಆಶ್ಲೇಷಾ ಮಳೆ ಬಿಡದೆ ಹೊಡೆದು ನಮ್ಮ ತಾಲ್ಲೂಕಿನಲ್ಲಿ ಗುಡ್ಡಗಳು ಜರಿದು, ಮನೆ ತೋಟಗಳು ಮಣ್ಣಿನಡಿ ಸೇರಿ, ಚಾರ್ಮಾಡಿ ಘಾಟಿಯ ರಸ್ತೆಯೂ ಮುಚ್ಚಿದಾಗ, ಬಯಲುಸೀಮೆಯ ಊರುಗಳಿಂದ ನೆರವಿನ ವಾಹನಗಳು ಒಂದರ ಹಿಂದೊಂದು ಬಂದವು. ಕಳಿಸಿದವರು ಮರುಕದಿಂದಲೇ ಕಳಿಸಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದದ್ದರಲ್ಲಿ ಬಹುಪಾಲು ಅಕ್ಕಿ, ಬಿಸ್ಕತ್ತು ಮತ್ತು ಹಳೆಯ ಬಟ್ಟೆ. ಪರಿಹಾರ ಕೇಂದ್ರದ ಜಗಲಿಯಲ್ಲಿ ಬಟ್ಟೆಯ ರಾಶಿ ತೇವ ಹೀರಿ ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ, ಒಳಗಿದ್ದ ಹೆಂಗಸರು ಒಳಉಡುಪು, ಸ್ಯಾನಿಟರಿ ಪ್ಯಾಡು ಮತ್ತು ಮಕ್ಕಳ ಜ್ವರದ ಸಿರಪ್ಪಿಗಾಗಿ ಮೆಲುದನಿಯಲ್ಲಿ ವಿಚಾರಿಸುತ್ತಿದ್ದರು. ಸರ್ಕಾರವು ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನೂ ತುರ್ತು ಖರ್ಚಿಗೆ 10,000 ರೂಪಾಯಿಯನ್ನೂ ಘೋಷಿಸಿತು. ಅದನ್ನು ಪಡೆಯಲು ತೋರಿಸಬೇಕಾದ ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಮನೆಯ ಕಾಗದಪತ್ರಗಳು ಕೆಲವರಿಗೆ ಮನೆಯ ಜೊತೆಯಲ್ಲೇ ಹೋಗಿದ್ದವು. ಆ ವಾರ ನಿಜಕ್ಕೂ ಉಪಯೋಗಕ್ಕೆ ಬಂದ ದಾನ ಯಾವುದೆಂದು ಕೇಳಿದರೆ, ತನ್ನ ಮಿಷನ್ನನ್ನು ತಂದಿಟ್ಟುಕೊಂಡು ಅರ್ಜಿ ಬರೆದುಕೊಟ್ಟು, ದುಡ್ಡಿಲ್ಲದೆ ಪ್ರತಿ ತೆಗೆದುಕೊಟ್ಟ ಜೆರಾಕ್ಸ್ ಅಂಗಡಿಯ ಹುಡುಗನ ಕೆಲಸ ಎನ್ನುತ್ತೇನೆ. ಅವನ ಕೊರಳಿಗೆ ಯಾರೂ ಹಾರ ಹಾಕಲಿಲ್ಲ.

ಇದನ್ನು ಕಣ್ಣಾರೆ ಕಂಡ ಮೇಲೂ, ಮರುವರ್ಷ ಲಾಕ್‌ಡೌನ್ ಬಂದಾಗ ನಾವು ಕೆಲವು ಅಂಗಡಿಯವರು ಸೇರಿ ಮಾಡಿದ್ದು ಅದನ್ನೇ. ಅಕ್ಕಿ, ಬೇಳೆ, ಎಣ್ಣೆ, ಸಾಬೂನು ತುಂಬಿದ ಕಿಟ್ ಕಟ್ಟಿಸಿ, ಬಟ್ಟೆಯ ಬ್ಯಾನರ್ ಬರೆಸಿ, ತೋಟದ ಕೂಲಿಯವರು ಸಾಲಾಗಿ ವಾಸವಿರುವ ಲೈನ್ ಮನೆಗಳಿಗೆ ಹೋಗಿ ಹಂಚಿದೆವು. ಕೊಡುವಾಗ ಫೋಟೋ ತೆಗೆದೆವು. ಅದರಲ್ಲೊಂದು ಫೋಟೋದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಿಟ್ಟಿನ ಒಂದು ಕಿವಿ ಹಿಡಿದಿದ್ದಾಳೆ. ಇನ್ನೊಂದು ಕಿವಿಯನ್ನು ನಾವು ನಾಲ್ವರು ಹಿಡಿದಿದ್ದೇವೆ. ಆ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ, ಆನ್‌ಲೈನ್ ಪಾಠಕ್ಕೆಂದು ಮಾಡಿಕೊಂಡಿದ್ದ ಅವಳದೇ ತರಗತಿಯ ವಾಟ್ಸಾಪ್ ಗುಂಪಿಗೂ ತಲುಪಿತು. ಅಜ್ಜಿಯ ಮಾತ್ರೆಗೆಂದು ಬರುತ್ತಿದ್ದ ಹುಡುಗಿ ಅಂಗಡಿಗೆ ಬರುವುದನ್ನು ಬಿಟ್ಟಳು. ಬದಲಿಗೆ ಬಂದ ತಾಯಿ ಒಂದು ದಿನ, ಜಗಳದ ದನಿಯೇ ಇಲ್ಲದೆ, "ಫೋಟೋ ಒಂದು ಬೇಡಿತ್ತಣ್ಣ. ಅಕ್ಕಿ ಹದಿನೈದು ದಿನಕ್ಕೆ ಮುಗೀತು, ಫೋಟೋ ಇನ್ನೂ ಮುಗೀಲಿಲ್ಲ" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಚಿಲ್ಲರೆ ಎಣಿಸಿ ಕೊಟ್ಟೆ.

ಆ ಮಾತು ಬಹಳ ದಿನ ಕಾಡಿದ ಮೇಲೆ ನೆನಪಾದದ್ದು ನಮ್ಮಲ್ಲಿ ಹಿಂದಿನಿಂದಲೂ ಇರುವ ಮುಯ್ಯಿ. ಮದುವೆಯ ಚಪ್ಪರದ ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಇಂಥವರಿಂದ ಇಂತಿಷ್ಟು ಎಂದು ಬರೆದುಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಪ್ರೀತಿಯಿಂದ ಕೊಟ್ಟದ್ದಕ್ಕೆ ಲೆಕ್ಕವೇ ಎಂದು ನಾಲ್ಕಕ್ಷರ ಕಲಿತವರು ಮೂಗು ಮುರಿಯುತ್ತಾರೆ, ನಾನೂ ಮುರಿದಿದ್ದೆ. ಆದರೆ ಬರೆದಿಟ್ಟ ಕಾರಣಕ್ಕೇ ಅಲ್ಲಿ ತೆಗೆದುಕೊಂಡವರು ಸಣ್ಣವರಾಗುವುದಿಲ್ಲ. ನಾಳೆ ಕೊಟ್ಟವರ ಮನೆಯ ಮದುವೆಗೆ ಅವರು ತಲೆ ಎತ್ತಿಕೊಂಡು ಹೋಗಿ ಮುಯ್ಯಿ ತೀರಿಸುತ್ತಾರೆ. ಗದ್ದೆಯ ಕೆಲಸದಲ್ಲಿಯೂ ಇದೇ ಕ್ರಮವಿತ್ತು: ನಿನ್ನ ನಾಟಿಗೆ ನಾನು ಬಂದರೆ ನನ್ನ ನಾಟಿಗೆ ನೀನು ಬರಬೇಕು, ಅದು ಮುಯ್ಯಾಳು. ಅಲ್ಲಿ ಕೂಲಿಯ ಮಾತೂ ಇಲ್ಲ, ಉಪಕಾರದ ಮಾತೂ ಇಲ್ಲ.

ಮೂರನೆಯ ಸಲ ಕಲಿಸಿದವರೂ ಅದೇ ತಾಯಿ. ಎರಡು ವರ್ಷದ ಹಿಂದೆ ಅವರ ಗಂಡನ ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆ ಎರಡು ಸಲ ಚಿಕ್ಕಮಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕೆಂದಾಯಿತು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ದುಡ್ಡು ಕೊಡಬೇಕಿಲ್ಲ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯೂ ಉಂಟು. ಹಾಗಿದ್ದರೆ ತೊಂದರೆ ಏನು ಎಂದು ಕಾಗದದ ಮೇಲೆ ನೋಡುವವರು ಕೇಳಬಹುದು. ತೊಂದರೆ ದಾರಿಯಲ್ಲಿದೆ. ಲೈನ್ ಮನೆಯಿಂದ ಟಾರು ರಸ್ತೆಗೆ ಎರಡು ಕಿಲೋಮೀಟರ್ ಇಳಿಜಾರು. ಅಲ್ಲಿಗೆ ಬರುವುದು ಖಾಸಗಿ ಬಸ್ಸು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದರೂ ಮಲೆನಾಡಿನ ಇಂಥ ಎಷ್ಟೋ ದಾರಿಗಳಲ್ಲಿ ಸರ್ಕಾರಿ ಬಸ್ಸೇ ಇಲ್ಲ. ಮಿಷನ್ನಿನ ಮುಂದೆ ನಾಲ್ಕು ತಾಸು. ಮುಗಿಸಿ ಎದ್ದಾಗ ತಲೆ ಸುತ್ತುವ ಮನುಷ್ಯನನ್ನು ಒಬ್ಬನೇ ಕಳಿಸುವಂತಿಲ್ಲ. ಜೊತೆಗೆ ಹೋದ ಹೆಂಡತಿಗೆ ಅಂದಿನ ಕೆಲಸ ತಪ್ಪಿತು. ಹೀಗೆ ತಿಂಗಳಿಗೆ ಎಂಟೊಂಬತ್ತು ದಿನದ ಕೂಲಿ ಹೋದರೆ ವಾರದ ಬಟವಾಡೆಯಲ್ಲಿ ಕೈಗೆ ಬರುವುದೆಷ್ಟು?

ನಾವು ಅಂಗಡಿಯವರು ಮಾತಾಡಿಕೊಂಡು ಹಣ ಸೇರಿಸಿ ಕೊಡಲು ಹೋದೆವು, ಈ ಸಲ ಬ್ಯಾನರ್ ಇಲ್ಲದೆ. ಅವರು ಕವರನ್ನು ಮುಟ್ಟಲಿಲ್ಲ. "ದುಡ್ಡು ಬೇಡಣ್ಣ. ವಾರಕ್ಕೆ ಒಂದು ಸಲ ಇವರ ಜೊತೆ ಹೋಗೋಕೆ ಒಂದು ಆಳು ಸಿಕ್ಕಿದ್ರೆ ಸಾಕು, ನಾನು ಕೆಲಸಕ್ಕೆ ಹೋಗ್ತೀನಿ" ಎಂದರು. ಆಳು! ನಮ್ಮ ಅಜ್ಜಂದಿರು ನಾಟಿಗೆ ಕೇಳುತ್ತಿದ್ದ ಆ ಆಳನ್ನೇ ಇವರು ಡಯಾಲಿಸಿಸ್‌ಗೆ ಕೇಳುತ್ತಿದ್ದರು.

ಅಂದಿನಿಂದ ನನ್ನ ಗಲ್ಲಾದ ಪಕ್ಕದಲ್ಲಿ ಉದ್ರಿ ಪುಸ್ತಕದ ಜೊತೆಗೆ ಇನ್ನೊಂದು ಉದ್ದನೆಯ ಪುಸ್ತಕವಿದೆ. ಅದರಲ್ಲಿ ರೂಪಾಯಿಗೆ ಒಂದು ಕಲಂ, ದಿನಕ್ಕೆ ಒಂದು, ರಾತ್ರಿಗೆ ಒಂದು. ಬಸ್ಸಿನ ಖರ್ಚು, ರೋಗಿಯ ಜೊತೆಗಿರುವವರ ಊಟ, ಔಷಧದ ಹಣ ಮೊದಲನೆಯದಕ್ಕೆ ಹೋಗುತ್ತದೆ. ಆಸ್ಪತ್ರೆಗೆ ಜೊತೆಗೆ ಹೋದದ್ದು, ತಾಲ್ಲೂಕು ಕಚೇರಿಯಲ್ಲಿ ವಿಧವಾ ವೇತನದ ಅರ್ಜಿ ಹಿಡಿದು ನಿಂತದ್ದು ದಿನದ ಲೆಕ್ಕ. ವಾರ್ಡಿನಲ್ಲಿ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ್ದು ರಾತ್ರಿಯ ಲೆಕ್ಕ. ಇದರ ಹಿಂದೆ ಯಾವ ಸಂಘವೂ ಇಲ್ಲ, ಟ್ರಸ್ಟೂ ಇಲ್ಲ. ತೋಟದ ಮಾಲೀಕರೊಬ್ಬರು ದೊಡ್ಡ ಮೊತ್ತ ಕೊಡಲು ಮುಂದೆ ಬಂದು, ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯಲು ಬೇಕಾದ 80ಜಿ ರಸೀದಿ ಕೇಳಿದರು. ನೋಂದಣಿ ಇರುವ ಸಂಸ್ಥೆಗಷ್ಟೇ ಆ ರಸೀದಿ ಕೊಡಲು ಬರುತ್ತದೆ, ನಗದಾಗಿ 2,000 ರೂಪಾಯಿ ಮೀರಿದರೆ ಅಲ್ಲಿಯೂ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಆ ವಿನಾಯಿತಿಯೇ ಇಲ್ಲ ಎಂದು ನಮ್ಮ ಲೆಕ್ಕಪತ್ರದವರು ವಿವರಿಸಿದರು. ಮಾಲೀಕರು ನಕ್ಕು, ರಸೀದಿ ಬಿಟ್ಟು, ರಾತ್ರಿಯ ತುರ್ತಿಗೆ ತಮ್ಮ ಜೀಪು ಕಳಿಸುವುದಾಗಿ ಒಪ್ಪಿದರು. ಜೀಪೇ ಹೆಚ್ಚು ಕೆಲಸಕ್ಕೆ ಬಂತು. ಎದುರಿನ ಚಪ್ಪಲಿ ಅಂಗಡಿಯ ಸಾಹೇಬರು ರಂಜಾನ್ ತಿಂಗಳಲ್ಲಿ ಒಂದಿಷ್ಟು ತಂದುಕೊಟ್ಟು, "ಇದು ಝಕಾತ್ ಅಲ್ಲ, ಅದು ಕಡ್ಡಾಯದ ದಾನ, ಅದಕ್ಕೆ ಬೇರೆ ನಿಯಮ ಉಂಟು; ಇದು ಸದಕಾ, ಇಷ್ಟಪಟ್ಟು ಕೊಡೋದು, ಯಾರಿಗಾದರೂ ಹಾಕಿ, ಹೆಸರು ಮಾತ್ರ ಬರೀಬೇಡಿ" ಎಂದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಅಕ್ಷರಶಃ ಪಾಲಿಸುವ ಅವರ ಹಣಕ್ಕೆ ನಾನು ಹೆಸರಿನ ಬದಲು ಒಂದು ಚುಕ್ಕೆ ಇಡುತ್ತೇನೆ.

ಅಕ್ಕಿ ಕೊಡುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ನಮ್ಮದೇ ಜಿಲ್ಲೆಯ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರು ಯಾರೂ ಉಣ್ಣದೆ ಹೋಗುವಂತಿಲ್ಲ. ಆ ಪಂಕ್ತಿಯಲ್ಲಿ ಕೂತಾಗ ಪಕ್ಕದವನು ತೋಟದ ಧಣಿಯೋ ಆಳೋ ಯಾರೂ ಕೇಳುವುದಿಲ್ಲ. ಆದರೆ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಅಂತ್ಯೋದಯ ಕಾರ್ಡಿಗೆ ತಿಂಗಳಿಗೆ 35 ಕಿಲೋ, ಆದ್ಯತಾ ಕಾರ್ಡಿನಲ್ಲಿ ತಲೆಗೆ 5 ಕಿಲೋ ಧಾನ್ಯ ಬರುವಾಗ, 2013ರಿಂದ ಅನ್ನಭಾಗ್ಯವೂ ಜೊತೆಗಿರುವಾಗ, ಕಾರ್ಡು ಸರಿಯಾಗಿರುವ ಮನೆಯ ಕೊರತೆ ಅಕ್ಕಿಯದಲ್ಲ. ಅಕ್ಕಿ ನಿಜವಾಗಿ ಬೇಕಾದದ್ದು ಕಾಫಿ ಕೊಯ್ಲಿಗೆಂದು ಅಸ್ಸಾಂ ಕಡೆಯಿಂದ ಬಂದು ಲೈನ್ ಮನೆಗಳಲ್ಲಿರುವ ಕುಟುಂಬಗಳಿಗೆ. ಅವರ ಪಡಿತರ ಚೀಟಿ ಊರಿನಲ್ಲಿದೆ. ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಪಡೆಯುವ ವ್ಯವಸ್ಥೆ ಈಗ ಇದ್ದರೂ, ಅದನ್ನು ಅವರ ಭಾಷೆಯಲ್ಲಿ ತಿಳಿಸಿ ಅಂಗಡಿಗೆ ಕರೆದೊಯ್ಯಲು ಮತ್ತೆ ಬೇಕಾಗುವುದು ಒಂದು ಆಳೇ. ಕ್ಷಯರೋಗದ ಚಿಕಿತ್ಸೆಯಲ್ಲಿರುವವರಿಗೂ ಹಾಗೆಯೇ: 2018ರಲ್ಲಿ 500 ರೂಪಾಯಿಯಿಂದ ಶುರುವಾಗಿ 2024ರ ನವೆಂಬರ್‌ನಲ್ಲಿ 1,000 ರೂಪಾಯಿಗೆ ಏರಿದ ತಿಂಗಳ ಪೌಷ್ಟಿಕಾಂಶದ ನೆರವು ಇದೆ, ಆದರೆ ಬ್ಯಾಂಕ್ ಖಾತೆ ನಿಂತುಹೋಗಿದ್ದರೆ ಅದನ್ನು ಸರಿಮಾಡಿಸಲು ಒಂದು ಪೂರ್ತಿ ದಿನ ಬೇಕು.

ಎಲ್ಲವೂ ಸುಸೂತ್ರವೇನಲ್ಲ. ಮೈಕ್ರೋಫೈನಾನ್ಸ್ ಕಂತಿಗೆ ಪುಸ್ತಕದಿಂದ ಹಣ ಕೊಡಬೇಕೇ ಎಂಬ ವಿಷಯದಲ್ಲಿ ನಮ್ಮೊಳಗೇ ದೊಡ್ಡ ವಾಗ್ವಾದವಾಗಿದೆ. ಕಿರುಕುಳದ ವಸೂಲಿಯನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಬಂತು. ಆದರೂ ಸಾಲ ಮಾಡಿದವರಲ್ಲಿ, ವಾರದ ಕಂತಿನ ದಿನ ಬೆಳಗಾಗುವ ಮೊದಲೇ ಕಂತಿನ ಹಣ ಕೇಳಿಕೊಂಡು ನನ್ನ ಅಂಗಡಿಯ ಬಾಗಿಲಿಗೆ ಬಂದು ನಿಲ್ಲುವವರಿದ್ದಾರೆ. ಕೊಟ್ಟರೆ ನಮ್ಮ ಹಣ ಅವರ ಮನೆಯಲ್ಲಿ ಒಂದು ಗಳಿಗೆಯೂ ನಿಲ್ಲದೆ ಬಡ್ಡಿಗೆ ಹೋಗುತ್ತದೆ ಎಂಬುದು ನನ್ನ ವಾದ. ಕೊಡದಿದ್ದರೆ ಅವರು ಇನ್ನೊಂದು ಕಡೆ ಸಾಲ ಎತ್ತಿ ಇದನ್ನು ಕಟ್ಟುತ್ತಾರೆ ಎಂಬುದು ಜೆರಾಕ್ಸ್ ಅಂಗಡಿಯವನ ವಾದ. ಅವನ ಮಾತು ತಪ್ಪೆಂದು ಹೇಳಲು ನನ್ನಲ್ಲಿ ಧೈರ್ಯವಿಲ್ಲ. ಸದ್ಯಕ್ಕೆ ಕೊಡುತ್ತಿಲ್ಲ.

ವಾಟ್ಸಾಪಿನಲ್ಲಿ ಬರುವ ಮಗುವಿನ ಫೋಟೋ, ಕ್ಯೂಆರ್ ಕೋಡು, ಕೂಡಲೇ ಹಂಚಿ ಎಂಬ ಸಂದೇಶಗಳಿಗೆ ನಾವು ಕೈಹಾಕುವುದಿಲ್ಲ. ಅಂಥದ್ದೊಂದರ ಬೆನ್ನು ಹತ್ತಿ ಆಸ್ಪತ್ರೆಗೆ ಫೋನ್ ಮಾಡಿದಾಗ ಆ ಮಗು ಗುಣವಾಗಿ ಮನೆಗೆ ಹೋಗಿ ಬಹಳ ಕಾಲವಾಗಿತ್ತು. ನಿಜವಾದ ಪ್ರಕರಣವಾದರೆ ಅಂದಾಜು ಖರ್ಚಿನ ಪತ್ರ ಕೇಳಿ ಪಡೆದು, ಹಣವನ್ನು ಆಸ್ಪತ್ರೆಯ ಖಾತೆಗೇ ಕಟ್ಟುತ್ತೇವೆ.

ಈ ವರ್ಷ ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುವ ಹೊತ್ತಿಗೆ ಪಕ್ಕದ ತೋಟದ ಲೈನ್ ಮನೆಯ ಹೆಂಗಸೊಬ್ಬರಿಗೆ ಹೆರಿಗೆ ಕಷ್ಟವಾಗಿ ಚಿಕ್ಕಮಗಳೂರಿಗೆ ಸೇರಿಸಬೇಕಾಯಿತು. ಅವರ ಮನೆಯಲ್ಲಿ ದೊಡ್ಡ ಹೆಂಗಸರು ಇರಲಿಲ್ಲ. ರಾತ್ರಿ ಜೀಪಿನಲ್ಲಿ ಜೊತೆಗೆ ಹೋಗಿ ವಾರ್ಡಿನಲ್ಲಿ ಉಳಿದವರು ಆ ಡಯಾಲಿಸಿಸ್ ಮನೆಯ ತಾಯಿ. ಅಪ್ಪನನ್ನು ಆ ವಾರ ಆಸ್ಪತ್ರೆಗೆ ಕರೆದೊಯ್ದವಳು ಮಗಳು, ಈಗ ಬಿ.ಕಾಂ. ಓದುತ್ತಿದ್ದಾಳೆ. ಬಾಣಂತಿ ಮನೆಗೆ ಬಂದ ಮೇಲೆ ತಾಯಿ ಮಗಳಿಬ್ಬರೂ ಅಂಗಡಿಗೆ ಬಂದರು. ಹುಡುಗಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದು ಆ ಫೋಟೋದ ನಂತರ ಅದೇ ಮೊದಲು. ತಾಯಿ ಬಿಪಿ ಮಾತ್ರೆ ಕೇಳಿ, ಪೂರ್ತಿ ಸ್ಟ್ರಿಪ್ಪನ್ನೇ ತೆಗೆದುಕೊಂಡು, "ಪುಸ್ತಕದಲ್ಲಿ ನಮ್ಮ ಹಾಳೆ ಎಲ್ಲಿಗೆ ಬಂತು, ಸ್ವಲ್ಪ ನೋಡಣ್ಣ" ಎಂದರು. ನಾನು ಹಾಳೆ ತೆರೆದು ಅವರ ಕಡೆ ತಿರುಗಿಸಿದೆ. ಹುಡುಗಿ ಕಲಂಗಳ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿ, ಕೊನೆಯ ಸಾಲಿನಲ್ಲಿ ನಿಂತಳು.

"ಎರಡು ರಾತ್ರಿ ಅಂತ ಬರ್ದಿದೀರಿ ಅಂಕಲ್. ಅಮ್ಮ ಇದ್ದಿದ್ದು ಮೂರು."

ಗಲ್ಲಾದ ಮೇಲಿದ್ದ ಪೆನ್ನನ್ನು ಅವಳಿಗೇ ಕೊಟ್ಟೆ. ಎರಡನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಮೂರು ಎಂದು ಬರೆದಳು.