ಪೆನ್ಸಿಲ್ ತೂರುವ ತೂತು

ಕ್ಯಾರವಾನನ್ನೋ (ಕಾರಿಗೆ ಕಟ್ಟಿ ಎಳೆಯುವ ಮನೆಗಾಡಿ) ಮೋಟರ್‌ಹೋಮನ್ನೋ (ಎಂಜಿನ್ ಇರುವ ಮನೆಗಾಡಿ) ನಾಲ್ಕಾರು ತಿಂಗಳು ಓಡಿಸದೆ ನಿಲ್ಲಿಸುವ ಮುಂಚೆ ಒಂದು ಪೂರ್ತಿ ದಿನವನ್ನು ಇಲಿಗಾಗಿಯೇ ಎತ್ತಿಡಬೇಕು. ಅರ್ಧ ದಿನ ಸಾಲದು. ಆ ದಿನದ ಹೆಚ್ಚಿನ ಹೊತ್ತು ಕಳೆಯುವುದು ಗಾಡಿಯ ಅಡಿಯಲ್ಲಿ, ಅಂಗಾತ ಮಲಗಿಕೊಂಡು. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಸೀಮೆಸುಣ್ಣ ಮತ್ತು ಒಂದು ಪೆನ್ಸಿಲ್. ಪೆನ್ಸಿಲ್ ಇರುವುದು ಅಳತೆಗೆ. ಅದು ತೂರುವಷ್ಟು ತೂತಿದ್ದರೆ, ಅಂದರೆ 6-7 ಮಿ.ಮೀ. ಇದ್ದರೆ, ಸಣ್ಣ ಇಲಿಗೆ ಅದೇ ಬಾಗಿಲು. ತಲೆ ನುಸುಳಿದರೆ ಮೈ ತಾನಾಗಿ ಹಿಂದೆ ಬರುತ್ತದೆ. ದೊಡ್ಡ ಇಲಿಗೆ ಹೆಬ್ಬೆರಳು ಹೋಗುವಷ್ಟು ಸಂದಿ ಸಾಕು.

ಇಷ್ಟು ಹಟ ಹಿಡಿದು ಮಾಡಬೇಕಾದದ್ದು ಇಲಿಯ ಸಂತಾನದ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಮನೆಯಿಲಿ ಗಬ್ಬ ಕಟ್ಟಿ ಮೂರು ವಾರಕ್ಕೆ ಈಯುತ್ತದೆ, ಒಂದು ಸಲಕ್ಕೆ ಐದಾರು ಮರಿ. ಆರು ವಾರ ತುಂಬುವ ಹೊತ್ತಿಗೆ ಆ ಮರಿಗಳೂ ಮರಿ ಹಾಕಲು ತಯಾರು. ಗಾಡಿ ನಿಲ್ಲಿಸಿದ ಮೊದಲ ವಾರ ಒಂದೇ ಒಂದು ಗಬ್ಬದ ಇಲಿ ಒಳಹೊಕ್ಕರೂ ನಾಲ್ಕು ತಿಂಗಳ ಮೇಲೆ ಬಾಗಿಲು ತೆಗೆದವರಿಗೆ ಸಿಗುವುದು ಒಂದು ದೊಡ್ಡ ಸಂಸಾರ. ಒಂದೊಂದೂ ದಿನಕ್ಕೆ 50ಕ್ಕೂ ಹೆಚ್ಚು ಹಿಕ್ಕೆ ಹಾಕುತ್ತದೆ. ಉಚ್ಚೆ ಗೋಡೆಯೊಳಗಿನ ಇನ್ಸುಲೇಷನ್‌ಗೆ (ಬಿಸಿ-ಚಳಿ ತಡೆಯುವ ಪದರಕ್ಕೆ) ಇಳಿದರೆ ಗೋಡೆ ಬಿಚ್ಚದೆ ಆ ನಾತ ಹೋಗುವುದಿಲ್ಲ. ಇಲಿಯ ಮುಂಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಅದಕ್ಕೇ ಏನನ್ನಾದರೂ ಕಡಿಯುತ್ತಲೇ ಇರುತ್ತದೆ. ಗಾಡಿಯಲ್ಲಿ ಸುಲಭವಾಗಿ ಹಲ್ಲಿಗೆ ಸಿಗುವುದು ವೈರು.

ಕೆಲಸ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಒಳಗೊಂದು ಇಲಿ ಇರುವಾಗಲೇ ತೂತುಗಳನ್ನೆಲ್ಲ ಮುಚ್ಚಿಬಿಟ್ಟರೆ, ಹೊರದಾರಿ ಹುಡುಕುತ್ತ ಅದು ವೈರು, ನೀರಿನ ಪೈಪು, ಬಾಗಿಲಿನ ರಬ್ಬರು ಎಲ್ಲಕ್ಕೂ ಬಾಯಿ ಹಾಕುತ್ತದೆ. ಆದ್ದರಿಂದ ಮೊದಲು ಗಾಡಿ ಖಾಲಿ ಇದೆಯೇ ಎಂದು ಗೊತ್ತಾಗಬೇಕು. ಸಿಂಕಿನ ಕೆಳಗೆ, ಡ್ರಾಯರ್‌ಗಳ ಹಿಂದೆ, ಹಾಸಿಗೆಯಡಿಯ ಪೆಟ್ಟಿಗೆಯಲ್ಲಿ, ಚಕ್ರದ ಮೇಲಿನ ಉಬ್ಬಿನ ಪಕ್ಕದಲ್ಲಿ ಅಂಗೈ ಅಗಲಕ್ಕೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿಡಿ. ಬೆಳಿಗ್ಗೆ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡಲಾಗಿ ಬೆಳಕು ಬಿಟ್ಟರೆ ಹೆಜ್ಜೆ ಇದ್ದಲ್ಲಿ ಎದ್ದು ಕಾಣುತ್ತದೆ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಐದು, ಕೆಲವೊಮ್ಮೆ ನಡುವೆ ಬಾಲ ಎಳೆದ ಗೆರೆ. ಹೆಜ್ಜೆ ಕಂಡ ದಿನ ಮುಚ್ಚುವ ಕೆಲಸಕ್ಕೆ ಕೈ ಹಾಕಬೇಡಿ. ಸ್ಪ್ರಿಂಗ್ ಬೋನುಗಳನ್ನು ಗೋಡೆಗೆ ಅಡ್ಡಲಾಗಿ, ತಿಂಡಿ ಸಿಕ್ಕಿಸುವ ತುದಿ ಗೋಡೆಗೆ ತಾಗುವಂತೆ ಇಡಿ, ಏಕೆಂದರೆ ಇಲಿ ಓಡಾಡುವುದೇ ಗೋಡೆಯಂಚಿನಲ್ಲಿ. ಕಡಲೆಕಾಯಿ ಬೆಣ್ಣೆ ಒಂದು ಕಾಳಿನಷ್ಟಿದ್ದರೆ ಸಾಕು. ಹೆಚ್ಚು ಮೆತ್ತಿದರೆ ಬೋನು ಬಡಿಯದಂತೆ ನೆಕ್ಕಿಕೊಂಡು ಹೋಗುತ್ತದೆ. ಸತತ ಮೂರು ರಾತ್ರಿ ಬೋನು ಖಾಲಿ ಇದ್ದು, ಹೊಸ ಪೌಡರಿನ ಮೇಲೆ ಗುರುತು ಬೀಳದಿದ್ದರೆ ಮುಂದಿನ ಕೆಲಸ.

ಬೆಳಗಿನ ಜಾವ ಇನ್ನೂ ಕತ್ತಲಿರುವಾಗ ಒಳಗಿನ ದೀಪಗಳನ್ನೆಲ್ಲ ಹಚ್ಚಿ. ಸಿಂಕಿನ ಕೆಳಗಿನ ಬಾಗಿಲು, ಡ್ರಾಯರು, ನೀರಿನ ಪಂಪಿನ ಮುಚ್ಚಳ ಎಲ್ಲ ತೆರೆದು ಆ ಗೂಡುಗಳೊಳಗೆ ಒಂದೊಂದು ಎಲ್‌ಇಡಿ ದೀಪ ಇಡಿ. ಆಮೇಲೆ ಗಾಡಿಯ ಅಡಿಗೆ ಹೋಗಿ, ಟಾರ್ಚು ಆರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ಮಲಗಿ. ಬೆಳಕು ಸೋರುವ ಜಾಗ ಒಂದೊಂದಾಗಿ ಕಾಣತೊಡಗುತ್ತವೆ. ಪ್ರತಿಯೊಂದರ ಪಕ್ಕ ಸೀಮೆಸುಣ್ಣದಿಂದ ಗುರುತು ಹಾಕಿ. ಈ ಪರೀಕ್ಷೆಯನ್ನೇ ಪೂರ್ತಿ ನಂಬುವಂತಿಲ್ಲ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊಡೆದ ಗಾಡಿಗಳಲ್ಲಿ ನೆಲದ ತೂತು ಒಂದು ಕಡೆ, ಹಾಳೆಯ ತೂತು ಇನ್ನೊಂದು ಕಡೆ ಇರುತ್ತದೆ. ಬೆಳಕು ನೇರ ಬರುವುದಿಲ್ಲ, ಇಲಿ ಮಾತ್ರ ತಿರುಗಿಕೊಂಡು ಹೋಗುತ್ತದೆ. ಅಂಥ ಕಡೆ ಹಾಳೆಯ ಅಂಚನ್ನೂ ಕೀಲನ್ನೂ ಬೆರಳಿನಿಂದ ತಡವಿ ನೋಡಬೇಕು. ಅಂಚಿನಲ್ಲಿ ಜಿಡ್ಡಿನಂಥ ಕಪ್ಪು ಕಲೆ ಇದ್ದರೆ ಅದು ಇಲಿಯ ಮೈ ಉಜ್ಜಿದ ಗುರುತು, ಓಡಾಟ ಆಗಲೇ ಇದೆ.

ಎಲ್ಲಕ್ಕಿಂತ ಹೆಚ್ಚು ಇಲಿ ಹೊಗುವ ಜಾಗ, ನನ್ನ ಎಣಿಕೆಯಲ್ಲಿ, ಪೈಪು ನೆಲ ದಾಟುವ ಜಾಗ. ಸಿಂಕಿನಿಂದ ಇಳಿಯುವ ಪೈಪು 40 ಮಿ.ಮೀ. ಇದ್ದರೆ ನೆಲಕ್ಕೆ ಕೊರೆದ ತೂತು 60-70 ಮಿ.ಮೀ. ಇರುವುದು ಸಾಮಾನ್ಯ. ಜೋಡಿಸುವಾಗ ಕೈಗೆ ಸುಲಭವಾಗಲಿ ಎಂದು ಹಾಗೆ ಬಿಟ್ಟಿರುತ್ತಾರೆ. ಪೈಪಿನ ಒಂದು ಪಕ್ಕಕ್ಕೆ ಮೂರನೆಯ ದಿನದ ಚಂದ್ರನಂಥ ಸಂದಿ ಉಳಿಯುತ್ತದೆ, ಒಳಗಿನಿಂದ ನೋಡಿದರೆ ಪೈಪಿನ ನೆರಳಲ್ಲಿ ಮರೆಯಾಗಿರುತ್ತದೆ. ಎರಡನೆಯದು ಕರೆಂಟ್ ಕೇಬಲ್ ಹೊರಗೆಳೆಯುವ ಪುಟ್ಟ ಕಿಟಕಿ. ಕೇಬಲ್ ಒಳಗೆ ತಳ್ಳಿ ಮುಚ್ಚಳ ಹಾಕಿದರೂ, ಕೇಬಲ್ ಹಾಯಲೆಂದು ಮುಚ್ಚಳದಲ್ಲಿ ಕತ್ತರಿಸಿದ ಕಚ್ಚು ತೆರೆದೇ ಇರುತ್ತದೆ. ಮೂರನೆಯದು ಸ್ಲೈಡ್‌ಔಟ್, ಪಕ್ಕಕ್ಕೆ ಚಾಚಿಕೊಳ್ಳುವ ಕೋಣೆ. ಅದರ ಕೆಳಮೂಲೆಯಲ್ಲಿ ಎರಡು ರಬ್ಬರ್ ಪಟ್ಟಿ ಕೂಡುವಲ್ಲಿ ಬೆರಳಿಟ್ಟು ನೋಡಿ, ಬಹಳ ಗಾಡಿಗಳಲ್ಲಿ ಅಲ್ಲಿ ಸಂದಿ ಇದೆ. ಇನ್ನು ಎಂಜಿನ್ ಇರುವ ಗಾಡಿಯಾದರೆ ಮುಂಗಾಜಿನ ಕೆಳಗೆ ಗಾಳಿ ಎಳೆಯುವ ಜಾಗ, ಕ್ಯಾಬಿನ್ ಫಿಲ್ಟರಿನ ಗೂಡು.

ಮುಚ್ಚುವುದು ಲೋಹದಿಂದ. ಡಬ್ಬಿಯಿಂದ ಉಗುಳಿಸುವ ಫೋಮ್ ಒಂದನ್ನೇ ತುಂಬಿದರೆ ಇಲಿ ಅದನ್ನು ಒಂದೇ ರಾತ್ರಿ ಕೊರೆದು ದಾರಿ ಮಾಡಿಕೊಳ್ಳುತ್ತದೆ, ಪುಡಿಯನ್ನು ಗೂಡಿಗೆ ಹಾಸಿಕೊಳ್ಳುತ್ತದೆ. ಮೊದಲು ಸ್ಟೇನ್‌ಲೆಸ್ ಅಥವಾ ತಾಮ್ರದ ನೇಯ್ದ ಜಾಲರಿ. ತೂತಿಗಿಂತ ಎರಡು ಪಟ್ಟು ಅಗಲದ ತುಂಡನ್ನು ಉಂಡೆ ಮಾಡಿ ಸ್ಕ್ರೂಡ್ರೈವರಿನಿಂದ ಒತ್ತಿ ತುಂಬಬೇಕು. ಎಳೆದರೆ ಈಚೆ ಬರಬಾರದು. ಮೇಲ್ಮಟ್ಟಕ್ಕಿಂತ ಒಂದು ಸೆಂ.ಮೀ. ಒಳಗೆ ನಿಲ್ಲಿಸಿ, ಆ ಕುಳಿಗೆ ಪಾಲಿಯುರೆಥೇನ್ ಸೀಲಂಟ್ (ಸಂದಿ ಮುಚ್ಚುವ ಅಂಟು) ಹಾಕಿದರೆ ಜಾಲರಿ ಅಲುಗದೆ ನಿಲ್ಲುತ್ತದೆ. ಅಲ್ಯೂಮಿನಿಯಂ ತಗಡಿಗೆ ತಾಮ್ರ ತಾಗಿ ನೀರು ಬಿದ್ದರೆ ತಗಡು ತಿಂದುಹೋಗುತ್ತದೆ, ಅಲ್ಲಿ ಸ್ಟೇನ್‌ಲೆಸ್ಸೇ ಆಗಬೇಕು. ಸಾದಾ ಸ್ಟೀಲ್ ವುಲ್ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಉದುರುತ್ತದೆ. ಬ್ಯಾಟರಿ ವೈರುಗಳ ಹತ್ತಿರವಂತೂ ಅದನ್ನು ಇಡಲೇಬೇಡಿ. ಅದರ ಎಳೆ ಬ್ಯಾಟರಿಯ ಎರಡು ತುದಿಗೂ ತಾಗಿದರೆ ಹೊತ್ತಿಕೊಳ್ಳುತ್ತದೆ.

ಮುಷ್ಟಿಗಿಂತ ದೊಡ್ಡ ತೂತಿಗೆ 6 ಮಿ.ಮೀ. ಕಣ್ಣಿನ ಗ್ಯಾಲ್ವನೈಸ್ಡ್ ವೆಲ್ಡ್ ಮೆಶ್. ಸುತ್ತ 25 ಮಿ.ಮೀ. ಹೆಚ್ಚಿಗೆ ಬರುವಂತೆ ಕತ್ತರಿಸಿ, ಪ್ರತಿ 75 ಮಿ.ಮೀ.ಗೆ ಒಂದು ಸ್ಕ್ರೂ, ಅಗಲ ವಾಷರ್ ಸಮೇತ. ಇಲ್ಲಿ ಅವಸರ ಕೂಡದು. ನೆಲದ ಮೇಲೆ ಏನಿದೆ ಎಂದು ನೋಡದೆ ಉದ್ದದ ಸ್ಕ್ರೂ ಹೊಡೆದು ನೀರಿನ ಟ್ಯಾಂಕ್ ತೂತಾದರೆ, ಮುಚ್ಚಿದ ಸಂದಿಗಿಂತ ಅದರ ರಿಪೇರಿ ದೊಡ್ಡದು.

ಎಲ್ಲ ತೂತನ್ನೂ ಮುಚ್ಚುವಂತಿಲ್ಲ, ಇದು ಜೀವದ ಪ್ರಶ್ನೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಅದು ಕೆಳಗೆ ಹರಿದುಹೋಗಲಿ ಎಂದೇ ಸಿಲಿಂಡರಿನ ಗೂಡಿನಲ್ಲಿ, ಕೆಲವು ಗಾಡಿಗಳಲ್ಲಿ ಒಲೆಯ ಕೆಳಗೂ, ತೂತು ಬಿಟ್ಟಿರುತ್ತಾರೆ. ಅಲ್ಲಿ ಜಾಲರಿ ಮಾತ್ರ, ಸೀಲಂಟ್ ಮುಟ್ಟಿಸಬಾರದು. ಗ್ಯಾಸ್ ಫ್ರಿಜ್ಜಿನ ಹೊರ ಜಾಲಂಧ್ರಕ್ಕೂ ಅದೇ 6 ಮಿ.ಮೀ. ಮೆಶ್. ಸೊಳ್ಳೆಪರದೆಯಂಥ ಸಣ್ಣ ಜಾಲರಿ ಹಾಕಿದರೆ ಧೂಳು ಕಟ್ಟಿ ಬರ್ನರಿಗೆ ಗಾಳಿ ಸಾಲದಾಗುತ್ತದೆ. ಹೀಟರಿನ ಹೊಗೆ ಕೊಳವೆಗೆ ಕಾಯಂ ಮುಚ್ಚಳ ಬೇಡವೇ ಬೇಡ. ಗಾಡಿ ನಿಂತಿರುವಷ್ಟು ದಿನ ಮಾತ್ರ ತಗಡಿನ ಟೋಪಿ ಹಾಕಿ, ಹೊರಡುವ ದಿನ ಸುಲಭವಾಗಿ ತೆಗೆಯಲು ಬರುವಂತೆ ಕೈಯಿಂದ ಬಿಗಿದಿಡಬೇಕು.

ಒಳಗಿನ ಕೆಲಸ ಬೇಗ ಮುಗಿಯುತ್ತದೆ. ತಿನ್ನುವ ಪದಾರ್ಥದ ಜತೆಗೆ ಸೋಪು, ಮೇಣದಬತ್ತಿ, ನಾಯಿಯ ಊಟ ಇವೂ ಹೊರಗೆ. ಟಿಶ್ಯೂ ಸುರುಳಿ, ಹೊದಿಕೆ, ದಿಂಬು ಗೂಡಿನ ಸಾಮಗ್ರಿ, ಅವೂ ಹೊರಗೆ. ಫ್ರಿಜ್ ಒರೆಸಿ ಬಾಗಿಲು ತೆರೆದಿಡಿ. ಡ್ರಾಯರು, ಕಪಾಟು ತೆರೆದೇ ಇರಲಿ, ಇಲಿ ಕತ್ತಲ ಮೂಲೆ ಬಯಸುತ್ತದೆ. ಗಾಡಿ ನಿಲ್ಲುವ ನೆಲ ಹುಲ್ಲಿಲ್ಲದೆ ಬರಿದಾಗಿರಬೇಕು. ಸಾಧ್ಯವಾದರೆ ಸುತ್ತ 60 ಸೆಂ.ಮೀ. ಅಗಲ, 15 ಸೆಂ.ಮೀ. ಆಳಕ್ಕೆ ಜಲ್ಲಿ ಹಾಕಿ. ಜಲ್ಲಿ 25 ಮಿ.ಮೀ.ಗಿಂತ ದಪ್ಪ ಇದ್ದರೆ ಬಿಲ ತೋಡಿದಷ್ಟೂ ಕುಸಿಯುತ್ತದೆ.

ಪುದೀನ ಎಣ್ಣೆ, ಪರಿಮಳದ ಹಾಳೆ, ನುಸಿಗುಳಿಗೆಗಳಿಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಣ್ಣೆಯ ವಾಸನೆ ಕೆಲವೇ ದಿನದಲ್ಲಿ ಆರುತ್ತದೆ, ಗಾಡಿ ತಿಂಗಳುಗಟ್ಟಲೆ ನಿಂತಿರುತ್ತದೆ. ನುಸಿಗುಳಿಗೆಯ ಆವಿ ಮನುಷ್ಯರಿಗೆ ಕೆಟ್ಟದ್ದು, ಮೆತ್ತೆಗೆ ಹಿಡಿದ ವಾಸನೆ ವರ್ಷವಾದರೂ ಬಿಡದು. ಕಿವಿಗೆ ಕೇಳದ ಸದ್ದು ಹೊರಡಿಸುವ ಯಂತ್ರಗಳ ವಿಷಯದಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ 60ಕ್ಕೂ ಹೆಚ್ಚು ತಯಾರಕರು ಮತ್ತು ಮಾರಾಟಗಾರರಿಗೆ, ಹೇಳಿಕೊಳ್ಳುವುದಕ್ಕೆ ವೈಜ್ಞಾನಿಕ ಆಧಾರ ಇರಲಿ ಎಂದು ಎಚ್ಚರಿಕೆ ಪತ್ರ ಬರೆದಿತ್ತು. ವಿಷದ ಬಿಲ್ಲೆ ಗಾಡಿಯೊಳಗೆ ಬೇಡ. ಇಲಿ ಗೋಡೆಯೊಳಗೆ ಸತ್ತರೆ ತೆಗೆಯಲಾಗುವುದಿಲ್ಲ, ಅದನ್ನು ತಿಂದ ಗೂಬೆಯೂ ಬೆಕ್ಕೂ ಸಾಯಬಹುದು.

ನಿಲ್ಲಿಸಿದ ಮೇಲೆ ವಾರಕ್ಕೊಮ್ಮೆ ಹತ್ತು ನಿಮಿಷ ಬೋನು, ಪೌಡರು ನೋಡಿ ಬನ್ನಿ. ಹಿಕ್ಕೆ ಕಂಡರೆ ಪೊರಕೆಯಾಗಲಿ ವ್ಯಾಕ್ಯೂಮ್ ಆಗಲಿ ಹಿಡಿಯಬೇಡಿ, ಧೂಳೆದ್ದು ಉಸಿರಿಗೆ ಹೋಗುತ್ತದೆ. 2012ರಲ್ಲಿ ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ತಂಗಿದ್ದ 10 ಮಂದಿಗೆ, ಇಲಿಯ ಹಿಕ್ಕೆ-ಉಚ್ಚೆಯ ಧೂಳಿನಿಂದ ಹರಡುವ ಹ್ಯಾಂಟಾ ವೈರಸ್ ತಗುಲಿ 3 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಮಲಗಿದ್ದ ಡೇರೆಮನೆಗಳ ಎರಡು ಪದರದ ಗೋಡೆಯ ನಡುವೆ ಇಲಿ ಗೂಡು ಕಟ್ಟಿತ್ತು. ಗಾಡಿಯ ಗೋಡೆಯೂ ಅಂಥದ್ದೇ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಹೊರಗಿರಿ. ಕೈಗವಸು ತೊಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಆಗಷ್ಟೇ ಬೆರೆಸಿ, ಹಿಕ್ಕೆ ನೆನೆಯುವಷ್ಟು ಸಿಂಪಡಿಸಿ, ಐದು ನಿಮಿಷ ಬಿಟ್ಟು ಕಾಗದದಿಂದ ಒರೆಸಿ ಚೀಲಕ್ಕೆ ಕಟ್ಟಿ.

ಕೊನೆಯದಾಗಿ ಒಂದು ಹಾಳೆಯಲ್ಲಿ, ನಿಲ್ಲಿಸಿರುವಷ್ಟು ದಿನಕ್ಕೆಂದು ಮುಚ್ಚಿದ ಜಾಗಗಳನ್ನು ಬರೆದಿಡಿ: ಹೊಗೆ ಕೊಳವೆಯ ಟೋಪಿ, ಎಂಜಿನ್ನಿಗೆ ಗಾಳಿ ಎಳೆಯುವ ಬಾಯಿಗೆ ತುರುಕಿದ ಜಾಲರಿ, ಕೇಬಲ್ ಕಿಟಕಿಯ ಬಿರಡೆ. ಪ್ರತಿಯೊಂದಕ್ಕೂ ಒಂದು ಕೆಂಪು ಪಟ್ಟಿ ಕಟ್ಟಿ, ಅಷ್ಟೇ ಪಟ್ಟಿಗಳನ್ನು ಗಾಡಿಯ ಕೀಲಿಗೂ ಕಟ್ಟಿ. ಮತ್ತೆ ಹೊರಡುವ ದಿನ ಒಂದೊಂದು ಮುಚ್ಚಳ ತೆಗೆದಾಗ ಕೀಲಿಯಿಂದ ಒಂದೊಂದು ಪಟ್ಟಿ ಬಿಚ್ಚಿ. ಕೀಲಿಯಲ್ಲಿ ಪಟ್ಟಿ ಉಳಿದಿರುವಾಗ ಎಂಜಿನ್ನನ್ನಾಗಲಿ ಹೀಟರನ್ನಾಗಲಿ ಹಚ್ಚಬೇಡಿ.